ವಿಮಲಾಳ ಮಾತ್ರೆಯ ಪಾರದರ್ಶಕ ಪಯಣ

ನನಗೆ ಎಲ್ಲವನ್ನೂ ಬರೆದಿಡುವ ಅಭ್ಯಾಸ. ಅಕ್ಕಿ ಮೂಟೆ ಒಡೆದ ದಿನ, ಗ್ಯಾಸ್ ಬಿಲ್ ಬಂದ ದಿನ, ನಮ್ಮವರು ‘ನಾಳೆ ಗ್ಯಾರೇಜ್ ಕ್ಲೀನ್ ಮಾಡ್ತೀನಿ’ ಎಂದ ಎಲ್ಲ ದಿನಗಳೂ ನನ್ನ ನೋಟ್‌ಬುಕ್ಕಿನಲ್ಲಿವೆ. ಹಾಗಾಗಿ ಸರ್ಕಾರವೇ ನನ್ನ ಅಭಿಪ್ರಾಯ ಕೇಳಿದಾಗ ಆಶ್ಚರ್ಯವಾಗಲಿಲ್ಲ. ಇಷ್ಟು ತಡವೇಕಾಯಿತು ಎಂದಷ್ಟೇ ಅನ್ನಿಸಿತು!

ವಿಷಯ ಇಷ್ಟು. ಡಾಕ್ಟರ್ ಚೀಟಿಯ ಮೇಲೆ ಕೊಡುವ ಔಷಧಿ ಎಲ್ಲಿ ತಯಾರಾಯಿತು, ಯಾರ್ಯಾರ ಕೈ ದಾಟಿ ರೋಗಿಯ ಬಾಯಿಗೆ ಬಂತು ಎಂಬುದೆಲ್ಲ ಬಹಿರಂಗವಾಗಿರಬೇಕೆಂದು ಇಲ್ಲಿನ, ಅಂದರೆ ನಾವು ನೆಲೆಸಿರುವ ಪರದೇಶದ, ರಾಜ್ಯ ಸರ್ಕಾರ ಒಂದು ಕಾನೂನು ತರಲು ಹೊರಟಿತ್ತು. ಸಂಬಂಧಪಟ್ಟವರು ಆನ್‌ಲೈನಿನಲ್ಲಿ ಅಭಿಪ್ರಾಯ ಕಳಿಸಬಹುದಿತ್ತು. ಆ ಲಿಂಕನ್ನು ನಮ್ಮ ವಾಟ್ಸಾಪ್ ಗುಂಪಿಗೆ ಹಾಕಿದವಳು ಸಿಡ್ನಿಯ ಸುಮತಿ. ಔಷಧಿಗಳ ಹೋಲ್‌ಸೇಲ್ ಕಂಪನಿಯೊಂದರಲ್ಲಿ ಇಂಥ ಕಾನೂನುಗಳ ಮೇಲೆ ಕಣ್ಣಿಡುವುದೇ ಅವಳ ಕೆಲಸ. ನಮ್ಮ ಹತ್ತಿರದ ಬಡಾವಣೆ ಪಾಯಿಂಟ್ ಕುಕ್‌ನಲ್ಲಿರುವ ನನ್ನ ಗೆಳತಿ ವಿಮಲಾಳ ನಾದಿನಿ.

ಸಂಬಂಧಪಟ್ಟವರು! ನನಗಿಂತ ಸಂಬಂಧಪಟ್ಟವರು ಯಾರು? ವಿಮಲಾಳ ಸಕ್ಕರೆ ಕಾಯಿಲೆಯ ಮಾತ್ರೆ ಮೈಸೂರಿನ ಅಂಗಡಿಯಿಂದ ಹೊರಟು, ನನ್ನ ತಮ್ಮನ ಕೈ ಸೇರಿ, ಊರಿಂದ ಇಲ್ಲಿನ ವೆರಿಬೀಗೆ ವಾಪಸಾಗುವ ಯಾರದೋ ಸೂಟ್‌ಕೇಸಿನಲ್ಲಿ ಚಟ್ನಿಪುಡಿಯ ಪಕ್ಕ ಕೂತು, ಟಾರ್ನೀಟ್‌ನ ನಮ್ಮ ಮನೆಯ ದೇವರ ಗೂಡಿನ ಕೆಳಗಿನ ಡ್ರಾಯರಿಗೆ ಬರುತ್ತಿತ್ತು. ಅಲ್ಲಿಂದ ಬಿಸಿಬೇಳೆಬಾತಿನ ಡಬ್ಬಿಯ ಜೊತೆ ಪಾಯಿಂಟ್ ಕುಕ್‌ಗೆ. ಇದಕ್ಕಿಂತ ಚೊಕ್ಕ ಲೆಕ್ಕ ಯಾವ ಕಂಪನಿ ಕೊಟ್ಟೀತು?

ವಿಮಲಾಗೆ ಸಕ್ಕರೆ ಇರುವುದು ನನಗೊಬ್ಬಳಿಗೇ ಗೊತ್ತು. ಸುಮತಿಗೆ ತಿಳಿದರೆ ಮುಗಿಯಿತು. ತನ್ನ ಅಣ್ಣನಿಗೆ, ಅಂದರೆ ವಿಮಲಾಳ ಗಂಡನಿಗೆ, ಕೊಲೆಸ್ಟರಾಲ್ ಬಂದಾಗ ಸಿಡ್ನಿಯಲ್ಲಿ ಕೂತೇ, ವಿಡಿಯೋ ಕಾಲ್‌ನಲ್ಲಿ, ಪಾಯಿಂಟ್ ಕುಕ್‌ನ ತುಪ್ಪವನ್ನು ಬಿನ್‌ಗೆ ಹಾಕಿಸಿದ ಹೆಂಗಸು ಅವಳು! “ಯಾರಿಗೂ ಹೇಳ್ಬೇಡ ಕಣೇ” ಎಂದು ವಿಮಲಾ ನನ್ನಿಂದ ಆಣೆ ಹಾಕಿಸಿಕೊಂಡಿದ್ದಳು. ಸರ್ಕಾರವೂ ಆ ‘ಯಾರಿಗೂ’ ಒಳಗೆ ಬರುತ್ತದೆಂದು ನನಗೆ ಹೊಳೆಯಲೇ ಇಲ್ಲ.

ಮೂರು ಸಂಜೆ ಕೂತು ಇಂಗ್ಲಿಷಿನಲ್ಲಿ ಐದು ಪುಟ ಬರೆದೆ. ಆಧಾರ ಬೇಡವೇ? ನೋಟ್‌ಬುಕ್ಕಿನ ಒಂದು ಪುಟದ ಫೋಟೋ ಲಗತ್ತಿಸಿದೆ. ‘ನೀವು ಯಾರು?’ ಎಂದು ಫಾರಂ ಕೇಳಿತು. ತಯಾರಕರು, ಹೋಲ್‌ಸೇಲ್ ವಿತರಕರು, ಫಾರ್ಮಸಿ, ಸಾರ್ವಜನಿಕರು. ನಾನು ವಿತರಿಸಿದ್ದು ಸತ್ಯ. ಆದ್ದರಿಂದ ವಿತರಕರು ಎಂದು ಒತ್ತಿದೆ. ‘ಹೆಸರುಗಳ ಸಮೇತ ಪ್ರಕಟಿಸಬಹುದೇ?’ ಪಾರದರ್ಶಕತೆಯ ಬಗ್ಗೆ ಬರೆದು ಬಚ್ಚಿಡುವುದೇ? ಛೆ! ಅದಕ್ಕೂ ಟಿಕ್ ಹಾಕಿ ಕಳಿಸಿಬಿಟ್ಟೆ.

ನಮ್ಮವರು, ಅಂದರೆ ಮೂರ್ತಿಯವರು, ಆಮೇಲೆ ಓದಿದರು.

“ಇದು ಒಪೀನಿಯನ್ ಅಲ್ವೇ, ಕನ್ಫೆಷನ್ನು! ಪ್ರಿಸ್ಕ್ರಿಪ್ಷನ್ ಮಾತ್ರೆ ತರಿಸಿ ಬೇರೆಯವ್ರಿಗೆ ಹಂಚೋ ಹಾಗಿಲ್ಲ ಇಲ್ಲಿ.”

“ಹಂಚೋದಾ? ಒಬ್ಬಳಿಗೆ ಕೊಟ್ಟಿದ್ದು ರೀ.”

“ಅದ್ಸರಿ, ಇದನ್ನ ಸುಮತಿ ಓದಲ್ವಾ?”

“ಅಯ್ಯೋ, ಒಂದೂ ಬಿಡದೆ ಓದ್ತಾಳೆ. ಅವಳ ಜಾಬೇ ಅದು” ಎಂದೆ. ಹೇಳಿ ಮುಗಿಸಿದ ಮೇಲೆ ನನ್ನ ಮಾತು ನನಗೆ ಕೇಳಿಸಿತು.

ಮರುದಿನವೇ ಸರ್ಕಾರಿ ಕಚೇರಿಯಿಂದ ಇಮೇಲ್. ಗೌರವಾನ್ವಿತ ವಿತರಕರಾದ ನಾನು ನನ್ನ ಲೈಸೆನ್ಸ್ ನಂಬರ್, ಗೋದಾಮಿನ ವಿಳಾಸ ಮತ್ತು ಅಲ್ಲಿನ ಉಷ್ಣಾಂಶದ ದಾಖಲೆ ಒದಗಿಸಬೇಕಂತೆ! ನಮ್ಮವರು ದೇವರ ಗೂಡಿನ ಕೆಳಗಿನ ಡ್ರಾಯರಿಗೆ ಕೈ ಹಾಕಿ ನೋಡಿದರು.

“ತಣ್ಣಗಿದೆ. ಊದಿನಕಡ್ಡಿ ವಾಸನೆ ಇದೆ ಅಂತ್ಲೂ ಬರಿ.”

ಆ ಕಚೇರಿಗೆ ಫೋನ್ ಮಾಡಿದೆ. ಅಧಿಕಾರಿಣಿ ಬಹಳ ಒಳ್ಳೆಯವರು. ನಾನು ಗೃಹಿಣಿ, ನನ್ನ ಗೋದಾಮು ಒಂದು ಡ್ರಾಯರು ಎಂದು ಹೇಳಿಕೊಂಡೆ. ಅವರು ನನ್ನನ್ನು ಸಾರ್ವಜನಿಕರ ಪಟ್ಟಿಗೆ ಇಳಿಸಿ, ಇನ್ನು ಮಾತ್ರೆ ಕೊಡಬೇಡಿ, ನಿಮ್ಮ ಗೆಳತಿಯನ್ನು ಡಾಕ್ಟರ ಬಳಿ ಕಳಿಸಿ ಎಂದು ಬುದ್ಧಿ ಹೇಳಿದರು. ಕೊನೆಗೆ ಕೇಳಿದರು: ಇಡೀ ಬರಹವನ್ನೇ ವಾಪಸ್ ಪಡೆಯುತ್ತೀರಾ, ಅಥವಾ ಹೆಸರುಗಳನ್ನು ಮಾತ್ರ ಮುಚ್ಚಿಬಿಡಲೇ?

ಬುದ್ಧಿವಂತರು ಇಲ್ಲಿ ವಾಪಸ್ ಪಡೆಯುತ್ತಾರೆ. ಆದರೆ ಐದು ಪುಟ! ಮೂರು ಸಂಜೆ!

“ಹೆಸರು ಮುಚ್ಚಿದರೆ ಸಾಕು” ಎಂದೆ.

ಶುಕ್ರವಾರ ಬರಹ ಪ್ರಕಟವಾಯಿತು. ಹೆಸರುಗಳಿದ್ದಲ್ಲೆಲ್ಲ ಕಪ್ಪು ಪಟ್ಟಿ. ನೋಡಲು ಗೂಢಚಾರರ ಪತ್ರದಂತಿತ್ತು. ಹೆಮ್ಮೆಯಿಂದ ಪುಟ ಸರಿಸುತ್ತಾ ಕೊನೆಗೆ ಬಂದೆ. ಅಲ್ಲಿ ನೋಟ್‌ಬುಕ್ಕಿನ ಫೋಟೋ ಇತ್ತು. ಕನ್ನಡದಲ್ಲಿದ್ದ ಪುಟದಲ್ಲಿ ಹೆಸರು ಯಾವುದು, ಉಳಿದದ್ದು ಯಾವುದು ಎಂದು ಪಾಪ ಆಕೆಗೆ ಹೇಗೆ ಗೊತ್ತಾಗಬೇಕು? ಒಂದಕ್ಷರವನ್ನೂ ಮುಚ್ಚಿರಲಿಲ್ಲ.

‘ವಿಮಲಾ. ಸಕ್ಕರೆ ಮಾತ್ರೆ, ಆರು ಸ್ಟ್ರಿಪ್. ಬಿಸಿಬೇಳೆಬಾತ್ ಡಬ್ಬಿ ಜೊತೆ. ಸುಮತಿಗೆ ತಿಳಿಯಬಾರದು.’

ಮುತ್ತಿನಂಥ ಅಕ್ಷರ!

ಈ ದೇಶದ ಔಷಧಿ ವ್ಯಾಪಾರದಲ್ಲಿ ಆ ಪುಟವನ್ನು ಓದಬಲ್ಲವರು ಬಹುಶಃ ಒಬ್ಬರೇ. ಮಧ್ಯಾಹ್ನವೇ ಸಿಡ್ನಿಯಿಂದ ಫೋನ್ ಬಂತು.

“ಗಿರಿಜಕ್ಕಾ, ನಿಮ್ಮ ಹ್ಯಾಂಡ್‌ರೈಟಿಂಗ್ ತುಂಬಾ ಚೆನ್ನಾಗಿದೆ” ಎಂದಳು ಸುಮತಿ. ಅಷ್ಟೇ. ಇಟ್ಟುಬಿಟ್ಟಳು.

ಅಂದು ಸಂಜೆ ಪಾಯಿಂಟ್ ಕುಕ್‌ನಲ್ಲಿ ಮತ್ತೆ ವಿಡಿಯೋ ಕಾಲ್ ನಡೆಯಿತು. ಮೈಸೂರುಪಾಕು, ಬೆಲ್ಲ, ಮಾವಿನ ಹಣ್ಣಿನ ಡಬ್ಬ ಒಂದೊಂದಾಗಿ ಬಿನ್‌ಗೆ ಬಿದ್ದವು. ಸೋಮವಾರ ವಿಮಲಾಳನ್ನು ಗಂಡ ಡಾಕ್ಟರ ಬಳಿ ಕರೆದೊಯ್ದರು. ಈಗ ಮಾತ್ರೆ ಫಾರ್ಮಸಿಯಿಂದಲೇ ಬರುತ್ತದೆ, ಅವಳ ಹೆಸರಿನ ಲೇಬಲ್ ಅಂಟಿಸಿಕೊಂಡು. ಕಾನೂನು ಬಯಸಿದ್ದೂ ಅದನ್ನೇ. ಆದರೆ ವಿಮಲಾ ನನ್ನ ಫೋನ್ ಎತ್ತಲಿಲ್ಲ.

ಮೂರು ವಾರ ಕಾದು ಮನೆಗೇ ಹೋದೆ. ಬಾಗಿಲನ್ನು ಅರ್ಧ ತೆರೆದಳು.

“ಯಾರಿಗೂ ಹೇಳ್ಬೇಡ ಅಂದಿದ್ದೆ.”

“ಹೇಳ್ಲಿಲ್ಲ ಕಣೇ. ಬರೆದೆ.”

ತೆರೆದಿದ್ದ ಅರ್ಧ ಬಾಗಿಲೂ ಮುಚ್ಚಿತು.

ಕಳೆದ ವಾರದಿಂದ ಅವಳ ಫೋನ್ ಮತ್ತೆ ಬರುತ್ತಿದೆ. ನಾನು ಎತ್ತಿದರೆ, “ಮೂರ್ತಿ ಅವ್ರಿದಾರಾ?” ಎನ್ನುತ್ತಾಳೆ. ನಮ್ಮವರು ಹಿತ್ತಲಿಗೆ ಹೋಗಿ ಅರ್ಧ ಗಂಟೆ ‘ಹೂಂ’ಗುಟ್ಟಿ ಬರುತ್ತಾರೆ.

“ಏನಂತೆ ಅವಳಿಗೆ? ಶುಗರ್ ಎಷ್ಟಿದೆಯಂತೆ?”

“ಏನೋ ಹೇಳಿದ್ರಪ್ಪ. ಮರ್ತೋಯ್ತು.”

ನಿಜವಾಗಿಯೂ ಮರೆತಿರುತ್ತಾರೆ. ಆ ಒಂದು ಅರ್ಹತೆಯ ಮೇಲೆಯೇ ವಿಮಲಾ ಅವರನ್ನು ಆರಿಸಿಕೊಂಡಿರುವುದು. ಮದುವೆಯಾದಾಗಿನಿಂದ ಅದನ್ನೇ ದೋಷವೆಂದು ತಿದ್ದಲು ಹೊರಟಿದ್ದವಳು ನಾನು!