ಪಟ್ಟಿ ಬಿಚ್ಚುವ ಹೊತ್ತು

ಸಂಜೆ ಕೆಲಸ ಮುಗಿಸಿ ಸಿಟಿ ಬಸ್ಸು ಹಿಡಿದು ಕೆಸರೆಯ ಮನೆಗೆ ಬಂದ ಕೂಡಲೇ ನಮ್ಮ ಯಜಮಾನರು ಕೇಳುವುದು ಒಂದೇ ಮಾತು: "ಇವತ್ತೇನಾಯ್ತು?" ಏನೂ ಆಗಲಿಲ್ಲ ಅಂತ ನಾನು ಹೇಳಿದ ದಿನ ನನಗಂತೂ ನೆನಪಿಲ್ಲ.

ನಾನು ಮೈಸೂರಿನ ಒಂದು ಧರ್ಮಾಸ್ಪತ್ರೆಯಲ್ಲಿ ಕಣ್ಣಿನ ವಾರ್ಡಿನ ನರ್ಸು. ಭಾನುವಾರ ನಾವು ಸುತ್ತಮುತ್ತಲ ಹಳ್ಳಿಗಳಿಗೆ ಹೋಗಿ ಶಾಲೆಯ ಕೋಣೆಯಲ್ಲಿ ಕಣ್ಣು ತಪಾಸಣೆ ಮಾಡುತ್ತೇವೆ. ಪೊರೆ ಬಂದವರನ್ನು ನಮ್ಮದೇ ಬಸ್ಸಿನಲ್ಲಿ ಕರೆತಂದು, ಆಪರೇಷನ್ ಮಾಡಿ, ಊಟ ಹಾಕಿ, ಮತ್ತೆ ಊರಿಗೆ ಬಿಟ್ಟುಬರುತ್ತೇವೆ. ಆಪರೇಷನ್ ಮಾಡುವುದು ಡಾಕ್ಟರು. ಮಾರನೆಯ ಬೆಳಿಗ್ಗೆ ಪಟ್ಟಿ ಬಿಚ್ಚುವುದು ನಾನು.

ಆ ಹೊತ್ತಿನಲ್ಲಿ ನಮ್ಮ ವಾರ್ಡನ್ನು ನೋಡಬೇಕು. ಮೂಡಲ ಕಿಟಕಿಯಿಂದ ಎಳೆ ಬಿಸಿಲು ಬಂದು ನೆಲದ ಮೇಲೆ ಚಾಪೆ ಹಾಸಿದ ಹಾಗೆ ಬಿದ್ದಿರುತ್ತದೆ. ಒಂದೊಂದು ಕಣ್ಣಿಗೆ ಬಿಳಿ ಪಟ್ಟಿ ಹಾಕಿಸಿಕೊಂಡವರು ಮಂಚದ ಅಂಚಿನಲ್ಲಿ ಸಾಲಾಗಿ ಕೂತಿರುತ್ತಾರೆ. ಯಾರೂ ಜೋರಾಗಿ ಮಾತಾಡುವುದಿಲ್ಲ. ಎಲ್ಲರೂ ಒಂದೇ ಕನಸನ್ನು ಅರ್ಧಕ್ಕೆ ನಿಲ್ಲಿಸಿ, ಉಳಿದರ್ಧ ಶುರುವಾಗಲಿ ಅಂತ ಕಾಯುತ್ತಿರುವ ಹಾಗೆ ಕಾಣುತ್ತದೆ. ನಾನು ಮೆಲ್ಲಗೆ ಒಬ್ಬೊಬ್ಬರದೇ ಪಟ್ಟಿ ಬಿಡಿಸುತ್ತಾ ಹೋಗುತ್ತೇನೆ. ಆಮೇಲೆ ಅವರ ಬಾಯಿಂದ ಬರುವ ಮೊದಲ ಮಾತು ಇದೆಯಲ್ಲ, ಅದಕ್ಕಾಗಿಯೇ ನಾನು ಈ ಕೆಲಸ ಬಿಟ್ಟಿಲ್ಲ.

ಪಾಸಾದ ಅಜ್ಜಿ

ಮೊದಲು ಹಳ್ಳಿಯ ತಪಾಸಣೆಯದೊಂದು. ಓದು ಬಾರದವರಿಗೆ ಅಂತ ನಮ್ಮಲ್ಲಿ ಒಂದು ಬೋರ್ಡು ಇದೆ. ಅದರ ತುಂಬ ಇಂಗ್ಲಿಷಿನ E ಹಾಗೆ ಮೂರು ಕಾಲಿನ ಒಂದೇ ಗುರುತು. ಕೆಲವು ಮೇಲಕ್ಕೆ ಕಾಲು ಚಾಚಿರುತ್ತವೆ, ಕೆಲವು ಕೆಳಕ್ಕೆ, ಕೆಲವು ಎಡಕ್ಕೆ, ಕೆಲವು ಬಲಕ್ಕೆ. ಯಾವ ಕಡೆಗೆ ಅಂತ ಹೇಳಿದರೆ ಸಾಕು.

ಇಲವಾಲದ ಆಚೆಯ ಹಳ್ಳಿಯೊಂದರಲ್ಲಿ ಒಬ್ಬಳು ಅಜ್ಜಿ ಬಂದು ಸ್ಟೂಲಿನ ಮೇಲೆ ಕೂತಳು. ನಾನು ಕೋಲು ಎತ್ತುವ ಮುಂಚೆಯೇ ಶುರು ಮಾಡಿದಳು: "ಮ್ಯಾಲಕ್ಕೆ, ಬಲಕ್ಕೆ, ಕೆಳೀಕೆ, ಕೆಳೀಕೆ, ಎಡಕ್ಕೆ..." ಕಡೆಯ ಸಣ್ಣ ಸಾಲಿನವರೆಗೂ ಒಂದೂ ತಪ್ಪಿಲ್ಲ! ನನಗೇ ಕಾಣದ ಸಾಲು ಅದು.

"ಅಜ್ಜಿ, ನಿಮ್ಮ ಕಣ್ಣು ಬಹಳ ಚೆನ್ನಾಗಿದೆ. ಮನೆಗೆ ಹೋಗಿ" ಅಂದೆ.

ಅಜ್ಜಿಯ ಮುಖ ಸಣ್ಣಗಾಯಿತು. "ಇದ್ಯಾವ ನ್ಯಾಯ ಕಣವ್ವ! ಪಾಸಾದ್ರೆ ತಾನೆ ಬಸ್ಸು ಅತ್ತಿಸೋದು? ಬೆಳಿಗ್ಗಿಂದ ಬಾಗಿಲ ತಾವ ಕುಂತು, ಒಳಗೆ ಓದೋರೆಲ್ಲಾ ಏಳಿದ್ದ ಕೇಳ್ಕಂಡು ಬಾಯಿಪಾಟ ಮಾಡಿವ್ನಿ!" ಅಂದವಳೇ ಗೋಡೆಯ ಕಡೆ ತಿರುಗಿ ಕೈಮುಗಿದಳು. "ಸ್ವಾಮೀ, ನೀವಾದ್ರೂ ಈಯಮ್ಮಂಗೆ ವಸಿ ಏಳಿ."

ಗೋಡೆಯ ಮೊಳೆಗೆ ಡಾಕ್ಟರ ಬಿಳಿ ಕೋಟು ನೇತುಹಾಕಿತ್ತು. ಡಾಕ್ಟರು ಹೊರಗೆ ಕಾಫಿ ಕುಡಿಯುತ್ತಿದ್ದರು. ಕೋಟಿನ ಹತ್ತಿರ ಅಜ್ಜಿ ಎರಡು ನಿಮಿಷ ಬೇಡಿಕೊಂಡಳು. ನಾನು ಮೆಲ್ಲಗೆ 'ಕಣ್ಣು ಸರಿಯಿದೆ' ಅಂತ ಬರೆದಿದ್ದ ಚೀಟಿ ಹರಿದುಹಾಕಿ, ಬಸ್ಸಿನ ಪಟ್ಟಿಯಲ್ಲಿ ಅವಳ ಹೆಸರನ್ನು ಮೊದಲಿಗೆ ಬರೆದೆ.

ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದ ಬೆಳಿಗ್ಗೆ ಡಾಕ್ಟರು ಮುಂದೆಯೇ ನಿಂತಿದ್ದರು. ಅವರು ಸ್ವಲ್ಪ ದುಂಡಗೆ, ಹೊಟ್ಟೆ ಬಂದವರು. ಅಜ್ಜಿ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಪಾಪ, ನಮ್ಮೂರ್ನಾಗೆ ನೋಡ್ದಾಗ ಇನ್ನೂ ಎಷ್ಟ್ ತೆಳ್ಳಗಿದ್ರೀ!" ಅಂದಳು.

ಹಸಿರು ಬಟ್ಟೆಯ ಕೆಳಗೆ

ಪೊರೆ ಆಪರೇಷನ್ನಿಗೆ ಪೂರ್ತಿ ಪ್ರಜ್ಞೆ ತಪ್ಪಿಸುವುದಿಲ್ಲ. ಕಣ್ಣಿನ ಸುತ್ತ ಮಾತ್ರ ಜೋಮು ಹಿಡಿಸುತ್ತಾರೆ. ಮುಖಕ್ಕೆ ಹಸಿರು ಬಟ್ಟೆ ಮುಚ್ಚಿ, ಕಣ್ಣಿನ ಜಾಗದಲ್ಲಿ ಮಾತ್ರ ತೂತು. "ಅಲ್ಲಾಡಬೇಡಿ, ಮಾತಾಡಬೇಡಿ" ಅಂತ ಹೇಳಿರುತ್ತೇವೆ. ಆಗ ಕೆಲವರಿಗೆ ಏನೇನೋ ಬಣ್ಣಗಳು ಕಾಣುತ್ತವೆ. ಕೆಲವರಿಗೆ ಏನೂ ಕಾಣುವುದಿಲ್ಲ.

ಒಬ್ಬ ಕುರಿ ಕಾಯುವ ತಾತನನ್ನು ಮಲಗಿಸಿತ್ತು. ಸ್ವಲ್ಪ ಹೊತ್ತಿಗೆ ಬಟ್ಟೆಯ ಕೆಳಗಿಂದ ತುಟಿ ಅಲ್ಲಾಡದ ಹಾಗೆ ಸಣ್ಣ ದನಿ ಬಂತು. "ನೀರು... ಕೆರೆ ನೀರು. ಅದರ ಮ್ಯಾಲೆ ನವಿಲಿನ ಬಣ್ಣ ತೇಲ್ತಾ ಅದೆ."

"ಮಾತಾಡಬೇಡಿ" ಅಂದರು ಡಾಕ್ಟರು.

ತಾತ ಸುಮ್ಮನಾದ. ಆಮೇಲೆ ಅವನಿಗೇ ತಡೆಯಲಾಗಲಿಲ್ಲ. "ಈಗ ದಸರಾ ದೀಪ ಅತ್ತಿಸುದ್ರು. ಅರಮನೆ ಪೂರಾ ನೀರೊಳಗೆ ಇಳೀತಾ ಅದೆ..."

"ತಾತ, ಸುಮ್ಮನಿರಿ" ಅಂದೆ ನಾನು. ಆಮೇಲೆ ಅವನು ಬಾಯಿ ಬಿಡಲಿಲ್ಲ. ಕೆಲಸ ಮುಗಿದು, ಬಟ್ಟೆ ಸರಿಸಿ, ಪಟ್ಟಿ ಹಾಕುವಾಗ ನೋಡುತ್ತೇನೆ, ಡಾಕ್ಟರೇ ಬಗ್ಗಿ ಅವನ ಕಿವಿಯ ಹತ್ತಿರ ಕೇಳುತ್ತಿದ್ದಾರೆ: "ಅರಮನೆ ನೀರಿಗಿಳೀತಲ್ಲ, ಆಮೇಲೆ?"

ವಾರ್ಡಿಗೆ ಹೋದ ತಾತ ಮಂಚದ ಮೇಲೆ ಮಲಗಿಕೊಂಡೇ ಇದನ್ನೆಲ್ಲ ವಿಸ್ತಾರವಾಗಿ ಹೇಳಿದ. ವಾರ್ಡಿಗೆ ವಾರ್ಡೇ ಆ ಕೆರೆಯ ದಡದಲ್ಲಿ ಕೂತುಬಿಟ್ಟಿತು. ಒಂದರ್ಧ ಗಂಟೆಯ ಮೇಲೆ ಪಕ್ಕದ ಮಂಚದ ಯಜಮಾನ ನನ್ನನ್ನು ಕೈಮಾಡಿ ಕರೆದ. ದನಿ ತಗ್ಗಿಸಿ, ಬೇಜಾರಿನಿಂದ ಹೇಳಿದ:

"ಸಿಷ್ಟ್ರಮ್ಮ, ಒಂದೇ ಬಸ್ನಾಗೆ ಬಂದಿದ್ದು, ಒಬ್ಬರೇ ಡಾಕ್ಟ್ರು ಮಾಡಿದ್ದು. ಅವನಿಗೆ ಅರಮನೆ ತೋರ್ಸಿ ನನಗೆ ಬರೀ ಕತ್ಲೆ ತೋರ್ಸಿ ಕಳಿಸೋದು ಸರೀನಾ?"

ಬೆಟ್ಟ

ಚಳಿಗಾಲದ ಒಂದು ಬೆಳಿಗ್ಗೆ ಒಬ್ಬ ಮೌನದ ಮನುಷ್ಯನ ಪಟ್ಟಿ ಬಿಚ್ಚಿದೆ. ಇಟ್ಟಿಗೆ ಗೂಡಿನಲ್ಲಿ ದುಡಿಯುತ್ತಿದ್ದವನು. ಎರಡು ವರ್ಷದಿಂದ ಕೆಲಸವಿಲ್ಲದೆ ಮಗಳ ಮನೆಯ ಜಗುಲಿಯಲ್ಲಿ ಕೂತಿದ್ದನಂತೆ. "ಕಿಟಕಿಯಿಂದ ನೋಡಿ, ಚಾಮುಂಡಿ ಬೆಟ್ಟ ಕಾಣುತ್ತೆ" ಅಂತ ಹೇಳುವುದು ನನ್ನ ರೂಢಿ. ಅವನು ಹೋಗಿ ಕಂಬಿ ಹಿಡಿದು ನಿಂತ. ಬಹಳ ಹೊತ್ತು ನಿಂತ. ಆಮೇಲೆ ನನ್ನ ಕಡೆ ತಿರುಗಿದ.

"ಏನೂ ಕಾಣಾಕಿಲ್ಲ ಕಣವ್ವ. ಎಲ್ಲಾ ಬೆಳ್ಳಗದೆ. ಮೊದ್ಲು ಎಂಗಿತ್ತೋ ಅಂಗೇ ಅದೆ."

ಅವನು ಮೆಲ್ಲಗೆ ಮಂಚಕ್ಕೆ ಬಂದು ತನ್ನ ಚೀಲಕ್ಕೆ ಟವೆಲು ತುಂಬತೊಡಗಿದ. ಒಂದು ಮಾತೂ ಬೈಯಲಿಲ್ಲ, ಅದೇ ನನಗೆ ಹೆಚ್ಚು ಸಂಕಟ. ಓಡಿಹೋಗಿ ಡಾಕ್ಟರನ್ನು ಕರೆತಂದೆ. ಅವರು ಟಾರ್ಚು ಬಿಟ್ಟು ನೋಡಿದರು. ಕಣ್ಣು ತಿಳಿಯಾಗಿದೆ. ಬೆರಳು ತೋರಿಸಿದರು, ಸರಿಯಾಗಿ ಎಣಿಸಿದ. ಗೋಡೆಯ ಕ್ಯಾಲೆಂಡರಿನ ಚಿತ್ರ ಹೇಳಿದ. ಮತ್ತೆ ಬೆಟ್ಟ ಮಾತ್ರ ಯಾಕಿಲ್ಲ?

ಆಗ ನಾನು ಕಿಟಕಿಯ ಹತ್ತಿರ ಹೋಗಿ ನೋಡಿದೆ. ನನಗೂ ಬೆಟ್ಟ ಕಾಣಲಿಲ್ಲ. ಹೊರಗೆ ಹಾಲು ಚೆಲ್ಲಿದ ಹಾಗೆ ಮಂಜು. ರಸ್ತೆಯಿಲ್ಲ, ಮರವಿಲ್ಲ, ಎದುರಿನ ನೀರಿನ ಟ್ಯಾಂಕೂ ಇಲ್ಲ. ನನ್ನ ರೂಢಿಯ ಮಾತನ್ನು ನಾನು ಹೊರಗೆ ನೋಡದೆಯೇ ಹೇಳಿಬಿಟ್ಟಿದ್ದೆ.

"ಅದು ಮಂಜು ಕಣಪ್ಪಾ, ನಿಮ್ಮ ಕಣ್ಣಲ್ಲ!" ಅಂದೆ.

ಅವನು ಮತ್ತೆ ಬಂದು ನನ್ನ ಪಕ್ಕ ನಿಂತ. ಇಬ್ಬರೂ ಏನೂ ಕಾಣದ ಕಡೆ ನೋಡುತ್ತಾ ನಿಂತೆವು. ಸ್ವಲ್ಪ ಸ್ವಲ್ಪವಾಗಿ ಮಂಜಿನ ಮೇಲುಗಡೆ ಬೆಟ್ಟದ ತುದಿ ಮಾತ್ರ ಎದ್ದಿತು, ಕೆಳಗೆ ನೆಲವೇ ಇಲ್ಲದ ಹಾಗೆ. ಅವತ್ತು ಮೊದಲ ಸಲ ಅವನ ಮುಖದಲ್ಲಿ ನಗು ಕಂಡೆ.

"ಸದ್ಯ! ಇವತ್ತು ಬೆಟ್ಟಕ್ಕೂ ನಮ್ ಡಾಕ್ಟ್ರೇ ಆಪ್ರೇಸನ್ ಮಾಡ್ತಾವ್ರಾ?" ಅಂದ.

ಯಾರ ಕೈ

ಇದು ಚಿಕ್ಕದು. ಒಬ್ಬಳು ಅಜ್ಜಿಯ ಪಟ್ಟಿ ಬಿಚ್ಚಿ ಪಕ್ಕದ ಮಂಚಕ್ಕೆ ಹೋಗಿದ್ದೆ. ತಿರುಗಿ ನೋಡಿದರೆ, ತನ್ನ ಮಡಿಲಲ್ಲಿದ್ದ ಕೈಯನ್ನೇ ಕಣ್ಣು ಮಿಟುಕಿಸದೆ ನೋಡುತ್ತಿದ್ದಾಳೆ. ಬಿಸಿಲು ಸರಿಯಾಗಿ ಅದರ ಮೇಲೆಯೇ ಬಿದ್ದಿತ್ತು. ನರ, ಸುಕ್ಕು, ಹಳೆಯ ಹಚ್ಚೆಯ ಚುಕ್ಕಿ.

"ಇದ್ಯಾರ ಕೈ ಕೂಸೇ?" ಅಂದಳು.

"ನಿಮ್ಮದೇ ಅಜ್ಜಿ."

"ನಂದಲ್ಲ." ಕೈಯನ್ನು ಎತ್ತಿ, ಮಗುಚಿ ನೋಡಿದಳು. "ನಮ್ಮತ್ತೆ ಕೈ. ಇದೇ ಸುಕ್ಕು, ಇದೇ ಗೆಣ್ಣು. ಈ ಕೈನಾಗೆ ನಾನೆಷ್ಟು ಏಟು ತಿಂದಿವ್ನಿ ಅಂತ ನಂಗೆ ಗೊತ್ತಿಲ್ವಾ?"

ಅಜ್ಜಿ ಆ ಕೈಯನ್ನು ಇನ್ನೊಂದು ಕೈಯಿಂದ ಸವರಿ ನಿಟ್ಟುಸಿರಿಟ್ಟಳು. "ಮುದುಕಿ ಸತ್ತು ಎಷ್ಟೋ ವರ್ಸ ಆಯ್ತು. ಇನ್ನೂ ನನ್ನ ಕೈ ಬುಟ್ಟಿಲ್ಲ ನೋಡು!"

ಒಂದು ಸೊನ್ನೆ

ಊರಿಗೆ ಕಳಿಸುವಾಗ ಪಥ್ಯ ಹೇಳುತ್ತೇವೆ: ತಲೆಗೆ ನೀರು ಹಾಕಿಕೊಳ್ಳಬೇಡಿ, ಒಲೆಯ ಹೊಗೆಗೆ ಹೋಗಬೇಡಿ, ಬಿಂದಿಗೆ ಎತ್ತಬೇಡಿ, ಬಗ್ಗಿ ಕಸ ಗುಡಿಸಬೇಡಿ. ಒಬ್ಬಳು ಹೆಂಗಸು ಇದನ್ನು ಎರಡೆರಡು ಸಲ ಹೇಳಿಸಿಕೊಂಡಳು. ಅವಳ ಕಿವಿಗೆ ಅದು ಹಾಡಿನ ಹಾಗೆ ಕೇಳುತ್ತಿತ್ತೇನೋ. ಆಮೇಲೆ, "ಇಷ್ಟನ್ನೂ ಬರ್ದು, ಆಸ್ಪತ್ರೆ ಸೀಲು ಒತ್ತಿ ಕೊಡಿ. ನಮ್ಮನೆಯವರು ಬಾಯಿ ಮಾತು ನಂಬಾಕಿಲ್ಲ" ಅಂದಳು.

ಬರೆದೆ. ಕೊನೆಗೆ "1 ತಿಂಗಳು" ಅಂತ ಹಾಕಿ ಸೀಲು ಒತ್ತಿದೆ. ಅವಳು ಕಾಗದವನ್ನು ಹೊಸ ಕಣ್ಣಿನ ಹತ್ತಿರ ಹಿಡಿದು ನೋಡಿದಳು. ಓದು ಬರುವುದಿಲ್ಲ, ಆದರೆ ಅಂಕಿ ಬರುತ್ತದೆ.

"ಈ ಒಂದರ ಪಕ್ಕ ಜಾಗ ಅಂಗೇ ಖಾಲಿ ಬುಟ್ಟಿದ್ದೀರಲ್ಲಮ್ಮ?"

"ಅದಕ್ಕೇನಾಯ್ತು?"

ಬೇರೆಯವರಿಗೆ ಕೇಳದ ಹಾಗೆ ಹತ್ತಿರ ಬಂದು ಹೇಳಿದಳು: "ಒಂದು ಸೊನ್ನೆ ಇಡಿ ಅತ್ಲಾಗೆ. ಮದುವೆಯಾದಾಗಿಂದ ಬಗ್ಗಿದವಳು, ವಸಿ ದಿನ ನೆಟ್ಟಗೆ ನಿಂತ್ಕತೀನಿ."

ಇಡಬಾರದಿತ್ತು. ಇಟ್ಟೆ.

ನಾಲ್ಕು ಟವೆಲು

ಹುಣಸೂರು ರಸ್ತೆಯ ಕಡೆಯ ಒಂದು ಹಳ್ಳಿಯಲ್ಲಿ ಊರಿಗೆಲ್ಲ ಒಬ್ಬನೇ ಕಟಿಂಗ್ ಮಾಡುವವನು. ಎಪ್ಪತ್ತರ ಹತ್ತಿರದವನು, ಒಂದೇ ಕುರ್ಚಿಯ ಅಂಗಡಿ. ಎರಡೂ ಕಣ್ಣಿಗೆ ಪೊರೆ. ನಾವು ಮೂರು ಸಲ ಆ ಊರಿಗೆ ಹೋದರೂ "ನಂಗೆ ಕಾಣ್ತದೆ ಬುಡಿ" ಅಂತ ತಪ್ಪಿಸಿಕೊಂಡಿದ್ದ. ಕಣ್ಣಿಗೆ ಕತ್ತರಿ ಅಂದರೆ ಅವನಿಗೆ ಭಯ. ದಿನಾ ಕತ್ತರಿ ಹಿಡಿಯುವವನಿಗೇ!

ನಾಲ್ಕನೆಯ ಸಲ ಊರಿನ ನಾಲ್ಕು ಜನ ಅವನನ್ನು ಬಸ್ಸಿನಲ್ಲಿ ನಡುವೆ ಕೂರಿಸಿಕೊಂಡು ತಾವೂ ಬಂದರು. ನಾಲ್ವರೂ ನಲವತ್ತು, ಐವತ್ತರ ಗಂಡಸರು. ನಾಲ್ವರೂ ತಲೆಗೆ ಟವೆಲು ಸುತ್ತಿದ್ದರು. "ಒಳಗೆ ಬಿಸಿಲಿಲ್ಲ, ತೆಗೀರಿ" ಅಂದರೆ ತೆಗೆಯಲೊಲ್ಲರು. ಸಂಜೆ ಅವನು ಆಪರೇಷನ್ ಮುಗಿಸಿಕೊಂಡು ಮಲಗಿದ ಮೇಲೆ, ಅವರಲ್ಲಿ ಹಿರಿಯವನು ಹೊರಗಿನ ಬೆಂಚಿನ ಮೇಲೆ ಕೂತು ಟವೆಲು ಬಿಚ್ಚಿ ತಲೆ ಕೆರೆದುಕೊಂಡ. ನಾನು ನೋಡಿ ಬೆಚ್ಚಿಬಿದ್ದೆ. ಒಂದು ಕಡೆ ಕಾಡು, ಒಂದು ಕಡೆ ಬಯಲು. ನಡುವೆ ದನ ಮೇದ ಹಾಗೆ ಒಂದು ದಾರಿ.

"ಮೈಸೂರಲ್ಲಿ ಬೇಕಾದಷ್ಟು ಅಂಗಡಿ ಇವೆಯಲ್ಲಪ್ಪ?" ಅಂದೆ.

"ನಮ್ಮ ಹುಟ್ಟುಗೂದಲು ತೆಗೆದವನು ಕಣಮ್ಮ ಅವನು. ಕಣ್ಣು ಮಂಜಾದ್ರೂ ಕಿವಿ ಬಲು ಚುರುಕು. ಅಂಗಡಿ ದಾಟ್ಕಂಡು ಬಸ್ಟಾಂಡಿಗೆ ಹೋದ್ರೆ ಹೆಜ್ಜೆ ಸದ್ದಿನಾಗೇ 'ಯಾಕ್ಲಾ, ಕೂದ್ಲು ಬೆಳೆದಿಲ್ವಾ?' ಅಂತಾನೆ. ಎಂಗಮ್ಮ ಬೇರೆ ಕಡೀಕೆ ಹೋಗೋದು?" ಆಮೇಲೆ ದನಿ ತಗ್ಗಿಸಿ ಸೇರಿಸಿದ: "ಗಡ್ಡ ಮಾತ್ರ ಮನೇಲೇ ಕೆರ್ಕತೀವಿ. ಅದು ಕತ್ತಿನ ಯಿಸ್ಯ."

ಮಾರನೆಯ ಬೆಳಿಗ್ಗೆ ಪಟ್ಟಿ ಬಿಚ್ಚಿದೆ. ನಾಲ್ವರೂ ಟವೆಲು ಬಿಗಿದುಕೊಂಡು ಮಂಚದ ಸುತ್ತ ನಿಂತಿದ್ದರು. ಅವನು ರೆಪ್ಪೆ ಬಡಿದ. ಮೊದಲು ಕಿಟಕಿ ನೋಡಿದ, ಆಮೇಲೆ ತನ್ನವರನ್ನು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದ. ಅವರ ಕಣ್ಣಲ್ಲೂ ನೀರು. ಎಲ್ಲ ಚೆನ್ನಾಗಿಯೇ ನಡೆಯುತ್ತಿತ್ತು. ಅಷ್ಟರಲ್ಲಿ, "ಟವೆಲು ತೆಗೀರ್ಲಾ, ಮೊಕ ಸರಿಯಾಗಿ ನೋಡ್ತೀನಿ" ಅಂದ.

ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೇರೆ ದಾರಿಯಿರಲಿಲ್ಲ. ಮೆಲ್ಲಗೆ ನಾಲ್ಕು ಟವೆಲೂ ಇಳಿದವು.

ಅವನು ನೋಡಿದ. ಎದ್ದು ಬಂದು ಹಿರಿಯವನ ತಲೆ ತಿರುಗಿಸಿ ಹಿಂದುಗಡೆಯೂ ನೋಡಿದ. ಕಸುಬಿನವನ ಸಿಟ್ಟು ನೆತ್ತಿಗೇರಿತು.

"ಥೂ! ಯಾವನ್ಲಾ ಇದು ಮಾಡಿದ್ದು? ಅವನ ಕೈ ಸೇದೋಗ! ಕತ್ತರಿ ಹಿಡಿಯಾಕೆ ಬರದೋನ ತಾವ ತಲೆ ಕೊಟ್ಟಿದ್ದೀರಲ್ಲ..." ಅಂದವನು ತಟ್ಟನೆ ಕುಗ್ಗಿದ. "ಅಂದ್ರೆ, ನನ್ನ ಬುಟ್ಟು ಬ್ಯಾರೆ ಅಂಗಡೀಗೆ ಓಗಿದ್ರಾ?"

ಹೂಂ ಅಂದರೂ ಕಷ್ಟ, ಉಹೂಂ ಅಂದರೂ ಕಷ್ಟ. ಕೊನೆಗೆ ಹಿರಿಯವನು ಟವೆಲನ್ನು ಹಿಂಡುತ್ತಾ, "ಇಲ್ಲ ಕಣಣ್ಣ. ನಿನ್ನ ಬುಟ್ಟು ಎಲ್ಲೂ ಓಗಿಲ್ಲ" ಅಂದ.

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ತನ್ನ ಕೈ ನೋಡಿಕೊಂಡ. ಮತ್ತೆ ಆ ನಾಲ್ಕು ತಲೆ ನೋಡಿದ. ಮಂಚದ ಮೇಲೆ ಕುಸಿದು ಕೂತು ಬಿಕ್ಕಿ ಬಿಕ್ಕಿ ಅಳತೊಡಗಿದ.

"ಅಯ್ಯೋ, ಅಳಬಾರದು, ಕಣ್ಣಿಗೆ ತೊಂದರೆ!" ಅಂತ ನಾನು ಹತ್ತಿ ಹಿಡಿದು ಓಡಿದೆ. ನನಗಿಂತ ಮುಂಚೆ ಹಿರಿಯವನು ಅವನ ಭುಜ ಹಿಡಿದು ಅಲ್ಲಾಡಿಸಿದ.

"ಸುಮ್ಕಿರಣ್ಣ! ನೀನು ನೋಡಿದ್ದು ಇವತ್ತು ಒಂದಿನ. ನಾಕು ವರ್ಸದಿಂದ ದಿನಾ ಕನ್ನಡೀಲಿ ನೋಡ್ಕಂಡೋರು ನಾವು. ನಾವೇ ಅತ್ತಿಲ್ಲ, ನೀನ್ಯಾಕಣ್ಣ ಅಳ್ತೀಯ?"