ಜೋಗುಳ ನುಂಗಿದ ಸರ್ವರ್

ನೆಟ್ಟಗೆ ನಡೆಯುತ್ತಿರುವ ಯಂತ್ರ ಕಂಡರೆ ನನಗೆ ಕೈ ತುರಿಸುತ್ತದೆ. ಹೈಸ್ಕೂಲಿನಲ್ಲಿ ಗಣಿತ ಕಲಿಸುವ ನಾನು, ಮುಚ್ಚಿದ ಯಾವುದೋ ಆಫೀಸಿನ ಹಳೇ ಸರ್ವರ್ ಕಂಪ್ಯೂಟರ್ ನಿಪ್ಪಾಣಿಯ ಗುಜರಿಯಲ್ಲಿ ಸಿಕ್ಕಿದ್ದೇ ತಡ, ಅದನ್ನು ಮದುಮಗಳಂತೆ ಟೆಂಪೋದಲ್ಲಿ ಕೂರಿಸಿ ರಾಯಬಾಗದ ಮನೆಗೆ ತಂದೆ. ಅದರಲ್ಲಿದ್ದ ಹಳೇ ಲಿನಕ್ಸ್ ತಂತ್ರಾಂಶ ತಣ್ಣಗೆ ನಡೆಯುತ್ತಿತ್ತು. ಫ್ಯಾನಿನ ಸದ್ದು ಮಾತ್ರ ವಿಪರೀತ! ಪಕ್ಕದ ಮನೆಯ ಕಾಶವ್ವ ಜೋಳದ ಡಬ್ಬಿ ಹೊತ್ತು ಬಂದು, "ಗಿರಣಿ ಯಾವಾಗ ಹಾಕಿದ್ರಿ ಮಾಸ್ತರ? ಸಣ್ಣಗ ಬೀಸಿ ಕೊಡ್ರಿ" ಎಂದಳು.

ಮನೆಯ ಫೋಟೊ, ಹಾಡು ಎಲ್ಲವನ್ನೂ ಆ ಸರ್ವರ್‌ಗೆ ಸಾಗಿಸಿದೆ. ಹೆಂಡತಿ ಸುಮಿತ್ರಾಳ ಮೊಬೈಲಿನಲ್ಲಿದ್ದ ಅವಳ ಅವ್ವನ ಜೋಗುಳವನ್ನೂ ಬಿಡಲಿಲ್ಲ. ಅತ್ತೆ ಮಹಾರಾಷ್ಟ್ರದ ಗಡಿಯ ಭೋಜ ಎಂಬ ಊರಿನವರು; ಅರ್ಧ ಕನ್ನಡ, ಅರ್ಧ ಮರಾಠಿಯ ಆ ಜೋಗುಳ ಬೇರೆ ಯಾರಿಗೂ ಬಾರದು. ಸಾಗಿಸಿದ ಮೇಲೆ, ಜಾಗ ಉಳಿಯಲೆಂದು ಮೊಬೈಲಿನದನ್ನು ಅಳಿಸಿಬಿಟ್ಟೆ.

ಅಷ್ಟರಲ್ಲಿ ಪಾಲಬಾವಿಯಲ್ಲಿ ನಾದಿನಿಯ ಕೂಸಿಗೆ ಹೆಸರಿಡುವ ಕಾರ್ಯ ಬಂತು. ಹಿಂದಿನ ದಿನ ಫೋನು: ಅತ್ತೆಯ ಗಂಟಲು ಕಟ್ಟಿದೆ!

"ರೀ, ಅವ್ವನ ಹಾಡು ಮೊಬೈಲಿಗೆ ಹಾಕಿ ಕೊಡ್ರಿ. ಹಾಡಿಲ್ದ ಕೂಸಿನ್ನ ತೊಟ್ಲಾಗ ಹೆಂಗ ಹಾಕೂದು?" ಎಂದಳು ಸುಮಿತ್ರಾ.

"ತಡಿ, ಹೊಸಾ ಲಿನಕ್ಸ್ ಬಂದೈತಿ. ಮೊದ್ಲ ಅದನ್ನ ಹಾಕ್ತೀನಿ."

"ಈಗಿಂದಕ್ಕ ಏನ್ ಧಾಡಿ ಆಗೇತ್ರಿ?"

"ನಿನಗ ತಿಳಿಯೂದಿಲ್ಲ, ಸುಮ್ಕಿರು."

ತಿಳಿಯದಿದ್ದದ್ದು ನನಗೆ. ಹೊಸ ಲಿನಕ್ಸಿನ ಸಿ.ಡಿ. ಹಾಕಿ ಚಾಲೂ ಮಾಡಿದರೆ, ಹಾಡು, ಫೋಟೊ ತುಂಬಿದ್ದ ಡಿಸ್ಕೇ ಇಲ್ಲವೆಂದಿತು! ಡಿಸ್ಕುಗಳು ನನ್ನ ಕಣ್ಣೆದುರೇ ದೀಪ ಮಿಣುಕಿಸುತ್ತಿದ್ದವು. ಅವನ್ನು ನಡೆಸುವ ಮುದಿ ಕಾರ್ಡನ್ನು ಹೊಸ ಲಿನಕ್ಸ್ ಗುರುತಿಸುತ್ತಲೇ ಇರಲಿಲ್ಲ. ಅಲ್ಲಿಗೇ ನಿಂತು, ಆ ಸಿ.ಡಿ. ತೆಗೆದು ಹಳೇ ಲಿನಕ್ಸನ್ನೇ ಚಾಲೂ ಮಾಡಿದ್ದರೆ ಹಾಡು ಸಿಗುತ್ತಿತ್ತು. ನಾನು ನಿಲ್ಲುವ ಆಸಾಮಿಯೇ? ಕಾರ್ಡಿನ ಮೆನು ತೆರೆದು ಸಿಕ್ಕಿದ್ದನ್ನೆಲ್ಲ ಒತ್ತಿದೆ. ಡಿಸ್ಕನ್ನು ಹೊಸದಾಗಿ ಸಿದ್ಧಪಡಿಸಲೇ ಎಂದು ಅದು ಇಂಗ್ಲಿಷಿನಲ್ಲಿ ವಿನಯಪೂರ್ವಕವಾಗಿ ವಿಚಾರಿಸಿತು. ನಾನೂ ಅಷ್ಟೇ ವಿನಯದಿಂದ ಹೌದೆಂದೆ. ಡಿಸ್ಕು ತಕ್ಷಣ ಕಾಣಿಸಿತು. ಪೂರ್ತಿ ಖಾಲಿ!

"ಹಾಡು?" ಎಂದಳು ಸುಮಿತ್ರಾ.

"ಹೋತು."

ಅವಳು ಬೈಯಲಿಲ್ಲ. ಮೊಬೈಲಿನಲ್ಲಿ ಹಾಡಿದ್ದ ಜಾಗವನ್ನು ಮತ್ತೆ ಮತ್ತೆ ತೆರೆದು ನೋಡಿದಳು. ಬೈದಿದ್ದರೇ ಚೆನ್ನಾಗಿತ್ತು, ನನಗೆ ನಿಜಕ್ಕೂ ನಾಚಿಕೆಯಾಯಿತು.

ಮರುದಿನ ಪಾಲಬಾವಿಯಲ್ಲಿ ಅತ್ತೆ ಸಂಗತಿ ಕೇಳಿ, ಪಿಸುದನಿಯಲ್ಲೇ ತೀರ್ಪು ಕೊಟ್ಟರು: "ಹಾಡು ಕಳದಾವರ ಹಾಡ್ಲಿ. ನಾ ಕಿವ್ಯಾಗ ಹೇಳ್ತೀನಿ, ಅಳಿಯಾರು ದನಿ ತಗೀಲಿ."

ತೊಟ್ಟಿಲ ಮುಂದೆ ಗಂಡಸರು ಹಾಡುವ ಪದ್ಧತಿ ನಮ್ಮ ಕಡೆ ಇಲ್ಲ. ಆದರೂ ಹೆಂಗಸರ ನಡುವೆ ನಿಂತು ದನಿ ತೆಗೆದೆ. ಮಲಗಿದ್ದ ಕೂಸು ಎದ್ದು ಕಿಟಾರನೆ ಕಿರುಚಿತು! ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಸುಮಿತ್ರಾ ಕೂಡ ನಕ್ಕಳು, ನನಗೆ ಜೀವ ಬಂತು. ಅಷ್ಟರಲ್ಲಿ ಅವಳು ಮೊಬೈಲಿನಲ್ಲಿ ರೆಕಾರ್ಡ್ ಮಾಡುತ್ತಿರುವುದು ಕಂಡಿತು.

ಅತ್ತೆಯ ಹಾಡಿಗೆ ಇದ್ದದ್ದು ಒಂದೇ ಪ್ರತಿ, ಹೋಯಿತು. ನನ್ನ ಹಾಡು ಮಾತ್ರ ಈಗ ಅಥಣಿಯಿಂದ ನಿಪ್ಪಾಣಿಯವರೆಗೆ ಎಲ್ಲ ನೆಂಟರ ಮೊಬೈಲಿನಲ್ಲೂ ಇದೆ. ಅಳಿಸಿರೆಂದು ಕೈಮುಗಿದರೂ ಒಬ್ಬರೂ ಅಳಿಸುತ್ತಿಲ್ಲ!