ಬಂದರಿನ ಬಾಯಿ ಮತ್ತು ಒಂದು ಕರಣೆ

ಸಮುದ್ರವಿಲ್ಲದ ಊರಲ್ಲಿ ಸಮುದ್ರದ ಕೆಲಸಕ್ಕೆ ಸೇರಿದರೆ ಇಂಥವು ನಡೆಯುತ್ತಲೇ ಇರುತ್ತವೆ. ನಾನು ಬರೆಯುತ್ತಿರುವುದು ಇದೇ ಮೊದಲು, ಆದ್ದರಿಂದ ಎಲ್ಲವನ್ನೂ ವಿವರಿಸಿಬಿಡುತ್ತೇನೆ. ಆಗಿನ್ನೂ ಏಕೀಕರಣವಾಗಿ ಕರಾವಳಿ ನಮ್ಮ ರಾಜ್ಯಕ್ಕೆ ಸೇರಿದ ಹೊಸದು. ಮೈಸೂರಿನಾಚೆ, ಇಲವಾಲದ ದಾರಿಯ ತಗಡಿನ ಶೆಡ್ಡಿನಲ್ಲಿ ನಮಗೊಂದು ತೊಟ್ಟಿ ಇತ್ತು. ತಳದಲ್ಲಿ ಮರಳು, ಮೇಲೆ ನೀರು, ತುದಿಯಲ್ಲಿ ಮೋಟಾರಿಗೆ ಕಟ್ಟಿದ ಹಲಗೆ. ಹಲಗೆ ಆಡಿದರೆ ಅಲೆ ಏಳುತ್ತದೆ; ಅಲೆ ತಳದ ಮರಳನ್ನು ಸರಿಸುತ್ತದೆ. ಮೀನುದೋಣಿಗಳಿಗೆ ಕಟ್ಟಲಿದ್ದ ಒಂದು ಬಂದರಿನ ಪುಟ್ಟ ಮಾದರಿಯನ್ನು ತೊಟ್ಟಿಯಲ್ಲಿ ಮಾಡಿ, ಅದರ ತಡೆಗೋಡೆಯಿಂದ ದೋಣಿಗಳು ಒಳಬರುವ ಬಾಯಿಗೆ ಮರಳು ತುಂಬುತ್ತದೆಯೇ ಎಂದು ನೋಡಿ ಹೇಳುವುದು ನನ್ನ ಕೆಲಸ.

೧. ಮಾವನವರ ಅನುಮಾನ

ಲಕ್ಷ್ಮೀಪುರಂನ ನನ್ನ ಮಾವನವರು ಅರಮನೆ ಕಚೇರಿಯಲ್ಲಿದ್ದು ನಿವೃತ್ತರಾದವರು. ಕೆಲಸವೇನೆಂದು ಕೇಳಿದರು. ತೊಟ್ಟಿ, ಹಲಗೆ, ಮರಳು, ಎಲ್ಲ ಹೇಳಿದೆ. ಅವರು ಮಗಳ ಕಡೆ ತಿರುಗಿದರು.

"ಎಂಜಿನಿಯರು ಅಂತ ಕೊಟ್ಟೆ ಕಣಮ್ಮ. ನೀರಾಟ ಆಡ್ತಾರೆ ಅಂತ ಯಾರೂ ಹೇಳ್ಲಿಲ್ಲ."

೨. ಮಟ್ಟ

ಹದಿನೈದು ದಿನ ಅಲೆ ಎಬ್ಬಿಸಿದ ಮೇಲೆ ಬಂದರಿನ ಬಾಯಿಗೆ ಅಡ್ಡವಾಗಿ ಮರಳಿನ ದಿಬ್ಬ ಎದ್ದಿತು. ಬೆಳಿಗ್ಗೆ ಅಳೆಯೋಣವೆಂದು ಸಂಜೆ ನೀರು ಬಸಿದು ಮನೆಗೆ ಹೋದೆ. ಬಂದು ನೋಡಿದರೆ ತಳವೆಲ್ಲ ನುಣ್ಣಗೆ. ಶೆಡ್ಡಿನ ಜವಾನ, ಐವತ್ತು ದಾಟಿದವನು, ಗದ್ದೆ ಮಟ್ಟ ಮಾಡಿ ಪಳಗಿದ ಕೈ.

"ಏರುಪೇರಾಗಿತ್ತು ಸ್ವಾಮಿ, ಸರಿ ಮಾಡ್ಬುಟ್ಟೆ," ಎಂದ.

"ಆ ಏರುಪೇರೇ ಕಣಯ್ಯ ನನ್ನ ಫಲಿತಾಂಶ."

"ಅಂಗಾ? ನಾಳೆ ಇನ್ನೂ ನೈಸಾಗಿ ಮಾಡ್ತೀನಿ ಬುಡಿ."

೩. ಕರಣೆ

ಮತ್ತೆ ಹದಿನೈದು ದಿನ, ಮತ್ತೆ ಅದೇ ದಿಬ್ಬ. ಈ ಗೋಡೆ ಕಟ್ಟಿದರೆ ದೋಣಿಗಳು ಒಳಗೆ ಬರಲಾರವು ಎಂದು ವರದಿ ಬರೆದೆ. ಮರುದಿನ ಬೆಂಗಳೂರಿನಿಂದ ದೊಡ್ಡ ಸಾಹೇಬರು ಮಾದರಿ ನೋಡಲು ಬರುವವರಿದ್ದರು. ಗೋಡೆಯ ನಕ್ಷೆ ಅವರದೇ. ನಮ್ಮ ಮೇಲಧಿಕಾರಿ ನನ್ನ ವರದಿಯನ್ನು ಮಡಿಸಿ ಜೇಬಿಗಿಟ್ಟುಕೊಂಡರು. ಜವಾನನ ಕೈಗೆ ಗಾರೆಯವರ ಕರಣೆ ಕೊಟ್ಟು, "ಬಂದರಿನ ಬಾಯಿ ಚೊಕ್ಕಟವಾಗಿರಲಿ," ಎಂದರು.

"ಸಾರ್, ಅಲ್ಲಿ ದೋಣಿಯವರು..." ಎಂದೆ.

"ನಾಳೆ ಬರೋದು ಅವರಲ್ಲ ಕಣ್ರೀ."

೪. ಪತ್ರ

ಗೋಡೆ ಎದ್ದಿತು. ಎರಡನೆಯ ಮಳೆಗಾಲ ಕಳೆದು ಬಂದರಿನಿಂದ ಪತ್ರ ಬಂತು. ಬಾಯಿಗೆ ಮರಳು ತುಂಬಿದೆ, ದೋಣಿಗಳು ಹೊರಗೇ ನಿಂತಿವೆ. "ತಮ್ಮ ಮಾದರಿಯಲ್ಲಿ ಬಾಯಿ ಸ್ವಚ್ಛವಾಗಿತ್ತೆಂದು ತಿಳಿದಿದೆ. ಅಲ್ಲಿ ಅನುಸರಿಸಿದ ಕ್ರಮವನ್ನು ದಯವಿಟ್ಟು ತಿಳಿಸುವುದು."

"ಉತ್ತರ ನೀವೇ ಬರೀರಿ," ಎಂದು ಮೇಲಧಿಕಾರಿ ಪತ್ರವನ್ನು ನನ್ನ ಮೇಜಿಗೆ ತಳ್ಳಿದರು. ಏನು ಬರೆಯಲಿ? ಜವಾನನಿಗೆ ಓದಿ ಹೇಳಿದೆ. ಅವನು ಮೊಳೆಗೆ ತೂಗಿಹಾಕಿದ್ದ ಕರಣೆಯನ್ನು ತೆಗೆದು, ಅಂಚು ಮುಟ್ಟಿ ನೋಡಿದ.

"ಇದೇ ಸಾಕಾಯ್ತದಾ ಸ್ವಾಮಿ, ಅಲ್ಲಿ ಸಮುದ್ರ ನಮ್ಮದಕ್ಕಿಂತ ದೊಡ್ಡದಾ?"